ತೊಗಲುಗೊಂಬೆಯ ನೈಜತೆಯ ನಿರ್ಣಯ: ಚಿಕ್ಕಬಳ್ಳಾಪುರ ಸೀಮೆಯನ್ನು ಕುರಿತ ಒಂದು ವಿವೇಚನೆ

ಆಟದ ಪೆಟ್ಟಿಗೆಯಿಂದ ಹೊರಬಂದ ತೊಗಲುಗೊಂಬೆಯೊಂದು ಸಂಗ್ರಾಹಕರ ಕೈ ಸೇರಿದೊಡನೆ ಅದನ್ನು ಕುರಿತು ಕೇಳಲಾಗುವ ಮೊದಲ ಪ್ರಶ್ನೆ ಅದು ಅಸಲಿಯೇ, ನಕಲಿಯೇ ಎಂಬುದು. ಆಡುವವರಿಗೆ ಈ ಪ್ರಶ್ನೆ ಇರಲಿಲ್ಲ. ಹರಿದ ಗೊಂಬೆಗೆ ತೇಪೆ ಹಾಕುವುದು, ಬಣ್ಣ ಮಾಸಿದರೆ ಮತ್ತೆ ಬಳಿಯುವುದು, ಕೆಲಸಕ್ಕೆ ಬಾರದಾದಾಗ ಅದರ ಮೇಲೆ ಹೊಸ ತೊಗಲನ್ನಿರಿಸಿ ಗೆರೆ ಎತ್ತಿ ಇನ್ನೊಂದನ್ನು ಮಾಡಿಕೊಳ್ಳುವುದು ಅವರ ವೃತ್ತಿಯ ಸಹಜ ಕ್ರಮವಾಗಿತ್ತು. ಗೊಂಬೆ ಮಾರಾಟದ ವಸ್ತುವಾದ ಬಳಿಕವೇ ನೈಜತೆ ಒಂದು ಸಮಸ್ಯೆಯಾಯಿತು.

ಈ ಸಮಸ್ಯೆಯನ್ನು ವ್ಯಾಪಾರಿಗಳು ಒಂದೇ ಪ್ರಶ್ನೆಯಾಗಿ ಕೇಳುತ್ತಾರೆ. ವಾಸ್ತವವಾಗಿ ಅದರಲ್ಲಿ ಮೂರು ಪ್ರಶ್ನೆಗಳು ಅಡಕವಾಗಿವೆ. ಗೊಂಬೆ ಎಷ್ಟು ಹಳೆಯದು ಎಂಬುದು ಕಾಲದ ಪ್ರಶ್ನೆ. ಅದು ಪರದೆಯ ಹಿಂದೆ ನಿಜವಾಗಿ ಆಡಿದ ಗೊಂಬೆಯೇ ಎಂಬುದು ಪ್ರಯೋಗದ ಪ್ರಶ್ನೆ. ಅದು ಯಾವ ಸೀಮೆಯದು, ಯಾವ ಮೇಳದ್ದು ಎಂಬುದು ನೆಲೆಯ ಪ್ರಶ್ನೆ. ಒಂದಕ್ಕೆ ದೊರೆತ ಉತ್ತರ ಮತ್ತೊಂದಕ್ಕೆ ಉತ್ತರವಾಗಲಾರದು. ಹಳೆಯದಾದ ಗೊಂಬೆಯೆಲ್ಲ ಆಡಿದ ಗೊಂಬೆಯಲ್ಲ. ಹೊಸದಾದದ್ದೆಲ್ಲ ಕೃತಕವೂ ಅಲ್ಲ. ಕನ್ನಡ ಮತ್ತು ತೆಲುಗು ಸೀಮೆಗಳು ಕೂಡುವ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಪ್ರದೇಶವನ್ನು ಲಕ್ಷ್ಯದಲ್ಲಿರಿಸಿಕೊಂಡು ಈ ಮೂರು ಪ್ರಶ್ನೆಗಳನ್ನು ಬೇರ್ಪಡಿಸಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಸೀಮೆಯ ಸ್ವರೂಪ

ಚಿಕ್ಕಬಳ್ಳಾಪುರ ಜಿಲ್ಲೆಯು 2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡಿತು. ಅದಕ್ಕೂ ಮೊದಲು ಇಲ್ಲಿನ ತಾಲ್ಲೂಕುಗಳೆಲ್ಲ ಕೋಲಾರ ಜಿಲ್ಲೆಯ ಭಾಗಗಳೇ ಆಗಿದ್ದವು. ವರ್ಷವಿಡೀ ಹರಿಯುವ ನದಿ ಇಲ್ಲದ ಈ ಸೀಮೆಯಲ್ಲಿ ಬೇಸಾಯ ಕೆರೆಗಳನ್ನೂ ಮಳೆಯನ್ನೂ ನೆಚ್ಚಿಕೊಂಡಿತ್ತು. ಆದರೂ ನದಿಗಳ ಹುಟ್ಟಿಗೆ ಕೊರತೆಯಿಲ್ಲ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿಯು ಗೌರಿಬಿದನೂರಿನ ಮೂಲಕ ಹಿಂದೂಪುರದ ಕಡೆಗೆ ಸಾಗುತ್ತದೆ. ಚಿಕ್ಕಬಳ್ಳಾಪುರದ ಬಳಿ ಹುಟ್ಟುವ ಚಿತ್ರಾವತಿಯು ಬಾಗೇಪಲ್ಲಿ, ಪುಟ್ಟಪರ್ತಿಗಳನ್ನು ದಾಟಿ ಧರ್ಮಾವರವನ್ನು ಮುಟ್ಟುತ್ತದೆ. ಧರ್ಮಾವರದ ಆಸುಪಾಸಿನ ನಿಮ್ಮಲಕುಂಟವು ಇಂದು ತೆಲುಗಿನ ತೋಲುಬೊಮ್ಮಲಾಟದ ಪ್ರಸಿದ್ಧ ನೆಲೆ. ಅಲ್ಲಿನ ಕಲಾವಿದ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಹೀಗೆ ನೀರು ಹರಿಯುವ ದಿಕ್ಕೇ ಈ ಸೀಮೆಯನ್ನು ಗೊಂಬೆಯಾಟದ ತೆಲುಗು ನೆಲೆಯೊಂದಿಗೆ ಜೋಡಿಸುತ್ತದೆ. ಪೂರ್ವದಲ್ಲಿ ಚಿಂತಾಮಣಿಯಿಂದ ಮದನಪಲ್ಲಿಗೆ ಸಾಗುವ ದಾರಿಯೂ ಇಂಥದೇ ಸಂಪರ್ಕವನ್ನು ಒದಗಿಸಿತ್ತು.

ಭಾಷೆಯ ದೃಷ್ಟಿಯಿಂದಲೂ ಇದು ಕೂಡುನೆಲ. ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣರು ತೆಲುಗು ಮತ್ತು ಕನ್ನಡ ಎರಡರಲ್ಲಿಯೂ ಪದಗಳನ್ನು ರಚಿಸಿದರು. ಕೇಳುಗರು ಎರಡು ನುಡಿಗಳನ್ನೂ ಬಲ್ಲವರಾಗಿದ್ದಲ್ಲಿ ಮಾತ್ರ ಇಂಥ ರಚನೆ ಜನರ ಬಾಯಲ್ಲಿ ಉಳಿಯುತ್ತದೆ. ಅದೇ ಕೈವಾರವನ್ನು ಸ್ಥಳೀಯ ಐತಿಹ್ಯವು ಭೀಮನು ಬಕಾಸುರನನ್ನು ಕೊಂದ ಏಕಚಕ್ರಪುರವೆಂದು ಗುರುತಿಸುತ್ತದೆ. ರಾಮಾಯಣ, ಮಹಾಭಾರತಗಳ ಪ್ರಸಂಗಗಳನ್ನು ಹೊತ್ತು ಊರೂರು ತಿರುಗುವ ಮೇಳಗಳಿಗೆ ಇಂಥ ನೆಲ ಅಪರಿಚಿತವಾಗಿರಲಿಲ್ಲ. ತೊಗಲುಗೊಂಬೆಯಾಟ ಆಡಿಸಿದರೆ ಮಳೆ ಬರುತ್ತದೆ, ದನಕರುಗಳ ರೋಗ ಪರಿಹಾರವಾಗುತ್ತದೆ ಎಂಬ ನಂಬಿಕೆ ಕರ್ನಾಟಕದ ಬಯಲುಸೀಮೆಯಲ್ಲಿ ವ್ಯಾಪಕವಾಗಿತ್ತು. ಆಟವು ಮನರಂಜನೆಯಷ್ಟೇ ಆಗಿರದೆ ಊರಿನ ಅಗತ್ಯವೂ ಆಗಿತ್ತೆಂಬುದಕ್ಕೆ ಈ ನಂಬಿಕೆಯೇ ಸಾಕ್ಷಿ.

ಮೇಳ ಮತ್ತು ಗೊಂಬೆ

ಕರ್ನಾಟಕದಲ್ಲಿ ಈ ಆಟವನ್ನು ನಡೆಸಿಕೊಂಡು ಬಂದವರು ಕಿಳ್ಳೇಕ್ಯಾತ ಅಥವಾ ಸಿಳ್ಳೇಕ್ಯಾತ ಸಮುದಾಯದವರು. ಆಟದ ಹಾಸ್ಯಪಾತ್ರದ ಹೆಸರೇ ಸಮುದಾಯಕ್ಕೂ ನಿಂತಿದೆ. ಕಾಟಬು, ಬೊಮ್ಮಲಾಟದವರು ಎಂಬ ಹೆಸರುಗಳೂ ಬಳಕೆಯಲ್ಲಿವೆ. ಮನೆಯಲ್ಲಿ ಮರಾಠಿಯ ಒಂದು ಪ್ರಭೇದವನ್ನಾಡುವ ಈ ಜನ ಆಟವನ್ನು ನೋಡುಗರ ಭಾಷೆಯಲ್ಲಿ ನಡೆಸುತ್ತಾರೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳನ್ನು ಕುರಿತ ಸಂಪುಟಗಳಲ್ಲಿ ಇವರನ್ನು ಗೊಂಬೆಯಾಡಿಸುವವರೆಂದೂ ಮೀನು ಹಿಡಿಯುವವರೆಂದೂ ಗುರುತಿಸಿದ್ದಾನೆ. ಎರಡು ವೃತ್ತಿಗಳಿಗೂ ಅಲೆದಾಟವೇ ಆಧಾರ. ಆದ್ದರಿಂದ ಒಂದು ಮೇಳದ ಗೊಂಬೆಗಳನ್ನು ಒಂದೇ ಊರಿಗೆ ಕಟ್ಟಿಹಾಕುವುದು ಮೊದಲಿನಿಂದಲೂ ಕಷ್ಟ.

ಗೊಂಬೆಗಳಿಗೆ ಸಾಮಾನ್ಯವಾಗಿ ಮೇಕೆಯ ತೊಗಲನ್ನೂ, ಹಿಂದೆ ದೇವತಾಪಾತ್ರಗಳಿಗೆ ಜಿಂಕೆಯ ತೊಗಲನ್ನೂ ಬಳಸುತ್ತಿದ್ದರು. ತೊಗಲನ್ನು ನೆನೆಸಿ, ಕೂದಲು ಮತ್ತು ಮಾಂಸದ ಪೊರೆಯನ್ನು ಹೆರೆದು, ಬಿಗಿಯಾಗಿ ಎಳೆದು ಒಣಗಿಸಿದಾಗ ಅದು ಬೆಳಕು ಹಾಯುವ ಹಾಳೆಯಂತಾಗುತ್ತದೆ. ಅದರ ಮೇಲೆ ರೂಪವನ್ನು ಬರೆದು, ಒಡವೆ ಉಡುಗೆಗಳ ಜಾಗದಲ್ಲಿ ಉಳಿಗಳಿಂದ ರಂಧ್ರಗಳನ್ನು ಕೊರೆದು, ಎರಡೂ ಬದಿಗೆ ಬಣ್ಣ ಹಾಕಿ, ಬಿದಿರಿನ ಸೀಳುಕಡ್ಡಿಯನ್ನು ಕಟ್ಟುತ್ತಾರೆ. ಗಾತ್ರದಲ್ಲಿ ಚಿಕ್ಕ ತೊಗಲುಗೊಂಬೆ, ದೊಡ್ಡ ತೊಗಲುಗೊಂಬೆ ಎಂಬ ಎರಡು ಸಂಪ್ರದಾಯಗಳಿವೆ. ಚಿಕ್ಕ ಸಂಪ್ರದಾಯದಲ್ಲಿ ಸಭೆ, ರಥ, ಯುದ್ಧ ಮುಂತಾದ ದೃಶ್ಯಗಳೇ ಒಂದು ತೊಗಲಿನಲ್ಲಿ ಅಡಗಿರುವುದುಂಟು. ದೊಡ್ಡ ಸಂಪ್ರದಾಯದಲ್ಲಿ ಕೈ, ಕಾಲು, ತಲೆಗಳನ್ನು ಬೇರೆಯಾಗಿ ಕತ್ತರಿಸಿ ಕೀಲು ಕೂಡಿಸುವುದು ಹೆಚ್ಚು. ಆಂಧ್ರದ ಗೊಂಬೆಗಳ ಲಕ್ಷಣವೂ ಇದೇ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಗೊಂಬೆ ಒಂಟಿಯಾದ ಕಲಾಕೃತಿಯಲ್ಲ. ಒಂದೇ ಪಾತ್ರಕ್ಕೆ ಸಂದರ್ಭಾನುಸಾರ ಹಲವು ಗೊಂಬೆಗಳಿರುತ್ತವೆ. ಲಂಕೆಗೆ ಹಾರುವ ಹನುಮಂತ ಬೇರೆ, ರಾಮನೆದುರು ಕೈಮುಗಿದ ಹನುಮಂತ ಬೇರೆ. ಗೊಂಬೆಯ ಅರ್ಥವು ಅದರ ಜೊತೆಯಲ್ಲಿರುವ ಉಳಿದ ಗೊಂಬೆಗಳಿಂದ ಸಿದ್ಧಿಸುತ್ತದೆ.

ಸಂಗ್ರಹದ ಚರಿತ್ರೆ

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಸಿನಿಮಾ ಮತ್ತು ನಾಟಕ ಕಂಪನಿಗಳ ಪೈಪೋಟಿಯಿಂದ ಮೇಳಗಳು ಕುಗ್ಗತೊಡಗಿದವು. ಅದೇ ಅವಧಿಯಲ್ಲಿ ವಿದ್ವಾಂಸರ ಗಮನವೂ ಈ ಕಲೆಯತ್ತ ಹರಿಯಿತು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವು 1960ರ ದಶಕದ ಕೊನೆಯಲ್ಲಿ ರೂಪುಗೊಂಡಿತು. ಜರ್ಮನಿಯ ಫ್ರೀಡ್ರಿಶ್ ಸೆಲ್ಟ್‌ಮನ್ ಮೈಸೂರು ಮತ್ತು ಆಂಧ್ರದ ನೆರಳಾಟವನ್ನು ಒಟ್ಟಾಗಿ ಪರಿಶೀಲಿಸಿದ ಬರಹವನ್ನು 1971ರಲ್ಲಿ ಪ್ರಕಟಿಸಿದರು. ಕರ್ನಾಟಕ ಚಿತ್ರಕಲಾ ಪರಿಷತ್ತನ್ನು ಕಟ್ಟಿ ಬೆಳೆಸಿದ ಎಂ.ಎಸ್. ನಂಜುಂಡರಾವ್ ಅವರು ರಾಜ್ಯದ ಹಲವೆಡೆಗಳಿಂದ ಗೊಂಬೆಗಳನ್ನು ಕೂಡಿಸಿ ಪರಿಷತ್ತಿನಲ್ಲಿ ದೊಡ್ಡ ಸಂಗ್ರಹವನ್ನೇ ನಿರ್ಮಿಸಿದರು. ಈ ಕಲೆಯನ್ನು ಕುರಿತ ಅವರ ಗ್ರಂಥ 2000ದಲ್ಲಿ ಹೊರಬಂದಿತು. ಎಸ್.ಎ. ಕೃಷ್ಣಯ್ಯ ಅವರ ಕರ್ನಾಟಕದ ಗೊಂಬೆಯಾಟಗಳ ಅಧ್ಯಯನ 1988ರಲ್ಲಿ ಉಡುಪಿಯಿಂದ ಪ್ರಕಟವಾಯಿತು. ಎಚ್.ಎಲ್. ನಾಗೇಗೌಡರ ಜಾನಪದ ಲೋಕವೂ ಗೊಂಬೆಗಳನ್ನು ಕಾಪಾಡಿದೆ.

ಈ ಸಂಗ್ರಹಗಳು ಇಲ್ಲದಿದ್ದರೆ ಬಹಳಷ್ಟು ಗೊಂಬೆಗಳು ಹುಳುಹುಪ್ಪಟೆಗಳ ಪಾಲಾಗುತ್ತಿದ್ದವು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಇದಕ್ಕೆ ಸಮಾನಾಂತರವಾಗಿ ಇನ್ನೊಂದು ಪ್ರವಾಹವೂ ಹರಿಯಿತು. 1952ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಳಿಯ ಕಾಲದಿಂದ ತೊಗಲಿನ ದೀಪಗವಸು, ಗೋಡೆಚಿತ್ರ ಮುಂತಾದವುಗಳ ತಯಾರಿಕೆಗೆ ಉತ್ತೇಜನ ದೊರೆಯಿತು. ಆಡಿಸುವ ಕುಟುಂಬಗಳೇ ಮಾರುವ ವಸ್ತುಗಳನ್ನೂ ಮಾಡತೊಡಗಿದವು. ತೊಗಲು ಅದೇ, ಉಳಿ ಅದೇ, ಕೈಯೂ ಅದೇ. ಉದ್ದೇಶ ಮಾತ್ರ ಬೇರೆ. ಹೊಟ್ಟೆಪಾಡಿಗಾಗಿ ಮಾಡಿದ ಈ ಪ್ರಾಮಾಣಿಕ ಕೆಲಸವನ್ನು ನಕಲಿ ಎನ್ನಲಾಗದು. ಅದನ್ನು ಹೊಗೆ ಹಿಡಿಸಿ, ಎಣ್ಣೆ ಸವರಿ, ಇನ್ನೂರು ವರ್ಷದ ಗೊಂಬೆಯೆಂದು ಮತ್ತೊಬ್ಬರು ಮಾರಿದಾಗ ಮಾತ್ರ ಅದು ನಕಲಿಯಾಗುತ್ತದೆ.

ಕಾಲದ ನಿರ್ಣಯ

ತೊಗಲುಗೊಂಬೆಯ ಕಲೆ ಪ್ರಾಚೀನ. ಪಾಲ್ಕುರಿಕೆ ಸೋಮನಾಥನ ‘ಪಂಡಿತಾರಾಧ್ಯಚರಿತ್ರ’ದಂಥ ತೆಲುಗು ಕೃತಿಯಲ್ಲಿ ನೆರಳಾಟದ ಪ್ರಸ್ತಾಪ ಬರುತ್ತದೆ. ಆದರೆ ಕಲೆಯ ಪ್ರಾಚೀನತೆ ವಸ್ತುವಿನ ಪ್ರಾಚೀನತೆಯಲ್ಲ. ಬಿಸಿಲು, ತೇವ, ಹುಳುಗಳಿಗೆ ಸುಲಭವಾಗಿ ತುತ್ತಾಗುವ ತೊಗಲು ದೀರ್ಘಕಾಲ ಉಳಿಯುವುದು ವಿರಳ. ಕೆಲಸಕ್ಕೆ ಬಾರದ ಗೊಂಬೆಯನ್ನು ಹೊಳೆಗೆ ಬಿಡುವ ಪದ್ಧತಿಯೂ ಹಲವೆಡೆ ಇದ್ದಿತು. ಸಂಗ್ರಹಗಳಲ್ಲಿರುವ ಬಹುಪಾಲು ಗೊಂಬೆಗಳನ್ನು 19 ಮತ್ತು 20ನೆಯ ಶತಮಾನಗಳಿಗೆ ಸೇರಿಸುವುದು ಈ ಕಾರಣದಿಂದಲೇ.

ಶೈಲಿಯ ಆಧಾರದ ಮೇಲೆ ಕಾಲವನ್ನು ಹೇಳುವ ರೂಢಿಯಲ್ಲಿಯೂ ತೊಡಕಿದೆ. ಗೌರಿಬಿದನೂರಿಗೆ ದೂರವಲ್ಲದ ಲೇಪಾಕ್ಷಿಯ ವೀರಭದ್ರ ದೇವಾಲಯದ 16ನೆಯ ಶತಮಾನದ ಭಿತ್ತಿಚಿತ್ರಗಳಿಗೂ ಗೊಂಬೆಗಳಿಗೂ ಇರುವ ಹೋಲಿಕೆಯನ್ನು ವಿದ್ವಾಂಸರು ಗುರುತಿಸಿದ್ದಾರೆ. ಪಾರ್ಶ್ವಮುಖ, ಅಗಲವಾದ ಕಣ್ಣು, ಉಡುಗೆಯ ವಿನ್ಯಾಸಗಳಲ್ಲಿ ಈ ಸಾಮ್ಯ ಸ್ಪಷ್ಟ. ಆದರೆ ಹಳೆಯ ಗೊಂಬೆಯ ಮೇಲೆ ಹೊಸದನ್ನು ಎತ್ತಿಕೊಳ್ಳುವ ಪದ್ಧತಿಯಿದ್ದಲ್ಲಿ ರೂಪವು ತಲೆಮಾರುಗಳವರೆಗೆ ಬದಲಾಗದೆ ಸಾಗುತ್ತದೆ. 1950ರಲ್ಲಿ ಮಾಡಿದ ಗೊಂಬೆಯಲ್ಲಿಯೂ ವಿಜಯನಗರ ಕಾಲದ ಉಡುಗೆ ಇರಬಹುದು. ಶೈಲಿಯು ಪರಂಪರೆಯ ವಯಸ್ಸನ್ನು ಸೂಚಿಸುತ್ತದೆಯೇ ಹೊರತು ತೊಗಲಿನ ವಯಸ್ಸನ್ನಲ್ಲ.

ವಸ್ತುಪರೀಕ್ಷೆಯಿಂದ ದೊರೆಯುವ ಉತ್ತರಗಳಿಗೂ ಮಿತಿಯಿದೆ. ಕೃತಕ ಬಣ್ಣಗಳ ತಯಾರಿಕೆ ಆರಂಭವಾದದ್ದು 1856ರಲ್ಲಿ. ಆದುದರಿಂದ ಗೊಂಬೆಯಲ್ಲಿ ಅಂಥ ಬಣ್ಣ ಕಂಡರೆ ಆ ಬಣ್ಣ ಅದಕ್ಕಿಂತ ಹಿಂದಿನದಲ್ಲ. ಆದರೆ ಅದು ಮೊದಲ ಬಣ್ಣವೋ ಮರುಬಣ್ಣವೋ ಎಂಬುದನ್ನು ಪದರಗಳನ್ನು ನೋಡಿಯೇ ಹೇಳಬೇಕು. ಕೀಲಿನಲ್ಲಿ ನೈಲಾನ್ ದಾರ ಕಂಡುಬಂದರೆ ಅದರಿಂದ ಸಿದ್ಧವಾಗುವುದು ದುರಸ್ತಿಯ ಕಾಲ ಮಾತ್ರ. ಇಂಗಾಲದ ಕಾಲನಿರ್ಣಯವು 17ನೆಯ ಶತಮಾನದ ನಡುವಿನಿಂದ ಈಚಿನ ವಸ್ತುಗಳಿಗೆ ನಿಖರವಾದ ವರ್ಷವನ್ನು ಕೊಡುವುದಿಲ್ಲ. ಆದರೆ 1950ರ ದಶಕದ ಅಣುಪರೀಕ್ಷೆಗಳಿಂದ ವಾತಾವರಣದ ಇಂಗಾಲದಲ್ಲಿ ಉಂಟಾದ ಏರಿಕೆ ಆ ಬಳಿಕ ಬದುಕಿದ ಪ್ರಾಣಿಯ ತೊಗಲಿನಲ್ಲಿ ಕಾಣುತ್ತದೆ. ನೂರಾರು ವರ್ಷದ್ದೆಂದು ಹೇಳಲಾದ ಗೊಂಬೆಯ ತೊಗಲು 1955ರ ಈಚಿನದೆಂದು ತೋರಿಸಲು ಈ ಪರೀಕ್ಷೆ ಸಾಕು.

ಯಾವ ಪ್ರಾಣಿಯ ತೊಗಲು ಎಂಬುದನ್ನು ಭೂತಗನ್ನಡಿಯಲ್ಲಿ ಕಾಣುವ ರೋಮಕೂಪಗಳ ವಿನ್ಯಾಸದಿಂದ ಊಹಿಸಬಹುದು. ತೊಗಲಿನ ಪ್ರೋಟೀನನ್ನು ವಿಶ್ಲೇಷಿಸಿ ಪ್ರಾಣಿಯನ್ನು ಗುರುತಿಸುವ ವಿಧಾನ 2009ರ ಈಚೆಗೆ ಬಳಕೆಗೆ ಬಂದಿದೆ. ಮೇಕೆಯ ತೊಗಲನ್ನು ಜಿಂಕೆಯದೆಂದು ಹೇಳಿ ಹೆಚ್ಚಿನ ಬೆಲೆಗೆ ಮಾರುವ ಪ್ರವೃತ್ತಿಯಿರುವುದರಿಂದ ಇದು ಉಪಯುಕ್ತ. ತೊಗಲು ನಿಜಕ್ಕೂ ಜಿಂಕೆಯದೇ ಆಗಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದರ ವ್ಯಾಪಾರಕ್ಕೆ ಅಡ್ಡಬರುತ್ತದೆ. ಗೊಂಬೆ ನೂರು ವರ್ಷ ಮೀರಿದ್ದಾದರೆ ಅದೇ ವರ್ಷದ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯಂತೆ ಖಾಸಗಿಯವರು ಅದನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಬೆಲೆ ಹೆಚ್ಚಿಸುವ ಎರಡು ಗುಣಗಳೂ ಕಾನೂನಿನ ನಿರ್ಬಂಧವನ್ನು ಜೊತೆಯಲ್ಲಿಯೇ ತರುತ್ತವೆ. ಮಾರುವವರು ದಾಖಲೆಗಳನ್ನು ಮರೆಮಾಡುವುದಕ್ಕೆ ಇದೂ ಒಂದು ಕಾರಣ.

ಪ್ರಯೋಗದ ಗುರುತುಗಳು

ಗೊಂಬೆ ಆಡಿದೆಯೇ ಎಂಬ ಪ್ರಶ್ನೆಗೆ ಹೋಲಿಕೆಯಾಗಿ ವ್ಯಂಗ್ಯಚಿತ್ರ ಚಲನಚಿತ್ರಗಳ ಕ್ಷೇತ್ರವನ್ನು ನೋಡಬಹುದು. ಅಲ್ಲಿಯೂ ಪಾರದರ್ಶಕ ಹಾಳೆಯ ಮೇಲೆ ರೂಪ ಬರೆದು ಬಣ್ಣ ತುಂಬಿ, ಬೆಳಕು ಮತ್ತು ಕ್ಯಾಮೆರಾಗಳ ನೆರವಿನಿಂದ ಚಲನೆಯನ್ನು ತೋರಿಸಲಾಗುತ್ತದೆ. ಜರ್ಮನಿಯ ಲೊಟ್ಟೆ ರೈನಿಗರ್ 1926ರಲ್ಲಿ ತೆರೆಗೆ ತಂದ ಪ್ರಿನ್ಸ್ ಅಹ್ಮದನ ಕಥೆಯ ಚಿತ್ರವಂತೂ ಕೀಲುಗೊಂಬೆಗಳ ನೆರಳಿನಿಂದಲೇ ಆದದ್ದು. ವಾಲ್ಟ್ ಡಿಸ್ನಿಯ ‘ಸ್ನೋ ವೈಟ್’ ಚಿತ್ರ 1937ರ ಕೊನೆಯಲ್ಲಿ ತೆರೆಕಂಡ ಬಳಿಕ, 1938ರಿಂದ ಅದರ ಮೂಲ ಹಾಳೆಗಳನ್ನು ಸ್ಯಾನ್ ಫ್ರಾನ್ಸಿಸ್ಕೋದ ಕೂರ್ವಾಜಿಯೆ ಗ್ಯಾಲರಿಯ ಮೂಲಕ ಮಾರಲಾಯಿತು. ಚಿತ್ರೀಕರಣದಲ್ಲಿ ಬಳಕೆಯಾದ ಹಾಳೆಯನ್ನು ಅಲಂಕಾರಕ್ಕಾಗಿ ಮುದ್ರಿಸಿದ ಪ್ರತಿಯಿಂದ ಬೇರ್ಪಡಿಸುವಾಗ ಅಲ್ಲಿನ ಪರೀಕ್ಷಕರು ಹಾಳೆಯ ಅಂಚಿನ ರಂಧ್ರಗಳನ್ನೂ ಕ್ರಮಸಂಖ್ಯೆಯನ್ನೂ ನೋಡುತ್ತಾರೆ. ಹಾಳೆಯನ್ನು ಕ್ಯಾಮೆರಾದ ಕೆಳಗೆ ಅಲುಗದಂತೆ ಕೂಡಿಸುವ ರಂಧ್ರಗಳವು. ಆದರೆ ಆ ಗ್ಯಾಲರಿಯು ಮಾರಾಟಕ್ಕೆ ಮುನ್ನ ಅನೇಕ ಹಾಳೆಗಳ ಅಂಚನ್ನು ಕತ್ತರಿಸಿ, ಹೊಸದಾಗಿ ಬರೆಸಿದ ಹಿನ್ನೆಲೆಯ ಮೇಲೆ ಅಂಟಿಸಿತು. ಹೀಗಾಗಿ ರಂಧ್ರವಿಲ್ಲದ್ದೆಲ್ಲ ನಕಲಿಯಲ್ಲ, ಹಿನ್ನೆಲೆ ಹೊಂದಿದ್ದೆಲ್ಲ ಚಿತ್ರದ್ದೂ ಅಲ್ಲ.

ತೊಗಲುಗೊಂಬೆಯಲ್ಲಿ ಈ ರಂಧ್ರಗಳ ಸ್ಥಾನದಲ್ಲಿರುವುದು ಕಡ್ಡಿಯ ಕಟ್ಟು. ನಡುವಿನ ಕಡ್ಡಿಯನ್ನು ಬಿಗಿದ ಜೋಡಿರಂಧ್ರಗಳು, ಅವುಗಳ ಸುತ್ತ ತೊಗಲು ಎಳೆದುಕೊಂಡ ಗುರುತು, ಕಡ್ಡಿ ಒರಗಿದಲ್ಲಿ ಬಣ್ಣ ಮಾಸದೆ ಉಳಿದ ಪಟ್ಟಿ, ಇವು ಆಡಿದ ಗೊಂಬೆಯ ಮೊದಲ ಸಾಕ್ಷ್ಯಗಳು. ಚೌಕಟ್ಟಿಗೆ ಹೊಂದಿಸಲು ವ್ಯಾಪಾರಿಗಳು ಕಡ್ಡಿಯನ್ನು ಬಿಚ್ಚಿಹಾಕಿದರೂ ಈ ಗುರುತುಗಳು ಅಳಿಯುವುದಿಲ್ಲ. ಕೀಲಿನ ರಂಧ್ರ ಮೊದಲು ದುಂಡಗಿದ್ದು, ತೋಳು ತಿರುಗಿದಂತೆಲ್ಲ ಎಳೆತದ ದಿಕ್ಕಿನಲ್ಲಿ ಉದ್ದವಾಗುತ್ತದೆ. ಅಲಂಕಾರಕ್ಕೆಂದು ಮಾಡಿದ ಗೊಂಬೆಯಲ್ಲಿ ಕೀಲು ಇದ್ದರೂ ಈ ಸವೆತ ಇರುವುದಿಲ್ಲ.

ಎರಡನೆಯದು ಎರಡು ಮುಖಗಳ ಅಸಮತೆ. ಆಟದಲ್ಲಿ ಗೊಂಬೆಯ ಒಂದು ಮುಖ ಪರದೆಗೆ ಒತ್ತಿಕೊಂಡಿರುತ್ತದೆ, ಇನ್ನೊಂದು ದೀಪದ ಕಡೆಗಿರುತ್ತದೆ. ಪರದೆಯ ಕಡೆಯ ಮುಖ ಬಟ್ಟೆಗೆ ಉಜ್ಜಿ ಸವೆಯುತ್ತದೆ. ದೀಪದ ಕಡೆಯ ಮುಖಕ್ಕೆ ಹರಳೆಣ್ಣೆಯ ಕಾಡಿಗೆಯೂ ಕೈಬೆವರೂ ಹತ್ತುತ್ತವೆ. ಗೊಂಬೆಯನ್ನು ಎರಡೂ ದಿಕ್ಕಿಗೆ ತಿರುಗಿಸಿ ಆಡಿಸುವಲ್ಲಿ ಈ ಅಸಮತೆ ತಗ್ಗುತ್ತದೆ. ಆದರೂ ಕೈ ತಾಗುವ ಜಾಗ, ಪರದೆಗೆ ತಾಗುವ ಅಂಚು, ಯಾವುದೂ ತಾಗದ ಭಾಗ ಎಂಬ ಭೇದ ಉಳಿದೇ ಇರುತ್ತದೆ. ಹೊಗೆಯಲ್ಲಿ ತೂಗುಹಾಕಿ ಹಳೆಯದಾಗಿಸಿದ ಗೊಂಬೆಯಲ್ಲಿ ಮಸಿ ಎಲ್ಲೆಡೆ ಒಂದೇ ಸಮನಾಗಿ, ಕೊರೆದ ರಂಧ್ರಗಳ ಒಳ ಅಂಚಿನವರೆಗೂ ಕೂತಿರುತ್ತದೆ. ಬಳಕೆಯಿಂದಾದ ಸವೆತಕ್ಕೆ ಕಾರಣ ತೋರಿಸಬಹುದು. ಕೃತಕ ಸವೆತಕ್ಕೆ ತೋರಿಸಲಾಗದು.

ಮೂರನೆಯದು ದುರಸ್ತಿ. ಹರಿದಲ್ಲಿ ತೊಗಲಿನ ತೇಪೆ ಹಾಕಿ ಹೊಲಿದು, ತೇಪೆಯ ಮೇಲೂ ವಿನ್ಯಾಸದ ರಂಧ್ರಗಳನ್ನು ಮುಂದುವರಿಸಿದ್ದರೆ ಆ ಗೊಂಬೆ ದುರಸ್ತಿಯ ಬಳಿಕವೂ ಆಟಕ್ಕೆ ಬೇಕಾಗಿತ್ತೆಂದು ಅರ್ಥ. ಮಾರುಕಟ್ಟೆಯಲ್ಲಿ ತೇಪೆಯನ್ನು ದೋಷವೆಂದು ಎಣಿಸಿ ಬೆಲೆ ತಗ್ಗಿಸುತ್ತಾರೆ. ಚರಿತ್ರೆಯ ದೃಷ್ಟಿಯಲ್ಲಿ ಅದು ಗೊಂಬೆಯ ಅತ್ಯಂತ ನಂಬಲರ್ಹ ದಾಖಲೆ.

ನೆಲೆ ಮತ್ತು ದಾಖಲೆ

ಚಿಕ್ಕಬಳ್ಳಾಪುರ ಸೀಮೆಯ ಮಟ್ಟಿಗೆ ಅತ್ಯಂತ ಜಟಿಲವಾದುದು ನೆಲೆಯ ಪ್ರಶ್ನೆ. ಕೀಲುಗಳುಳ್ಳ ದೊಡ್ಡ ಗೊಂಬೆ ಕಂಡರೆ ಆಂಧ್ರದ್ದೆಂದೂ, ದೃಶ್ಯವೊಂದನ್ನು ಹಿಡಿದಿಟ್ಟ ಚಿಕ್ಕ ಗೊಂಬೆ ಕಂಡರೆ ಕರ್ನಾಟಕದ್ದೆಂದೂ ವಿಭಜಿಸುವುದು ವಾಡಿಕೆ. ಮೇಳಗಳು ಅಲೆದದ್ದು ನದಿ, ಸಂತೆ, ಜಾತ್ರೆಗಳ ದಾರಿಯಲ್ಲಿ. ಆಡಳಿತದ ಗಡಿಯನ್ನು ನೋಡಿಕೊಂಡಲ್ಲ. ಗೊಂಬೆಯ ಮೇಲೆ ತೆಲುಗು ಅಕ್ಷರವಿದ್ದರೂ ಅದು ಗಡಿಯಾಚೆಯದೆಂದು ಹೇಳುವಂತಿಲ್ಲ. ಕೈವಾರದ ತೆಲುಗು ಪದಗಳನ್ನು ಯಾರೂ ಹೊರಗಿನವೆಂದು ಭಾವಿಸುವುದಿಲ್ಲವಷ್ಟೆ. ಆಂಧ್ರಪ್ರದೇಶದ ತೊಗಲುಗೊಂಬೆ ಕಲೆಗೆ 2008ರ ಸುಮಾರಿಗೆ ದೊರೆತ ಭೌಗೋಳಿಕ ಸೂಚಕವು ಇಂದಿನ ಕಸುಬುದಾರರ ಹಕ್ಕನ್ನು ಕಾಪಾಡುತ್ತದೆ. ಆದರೆ ಹಳೆಯ ಗೊಂಬೆ ಎಲ್ಲಿಯದೆಂಬುದಕ್ಕೆ ಅದು ಪ್ರಮಾಣವಾಗದು. ಶೈಲಿಯೊಂದನ್ನೇ ನೆಚ್ಚಿ ಹಂಚಿದರೆ ಈ ಸೀಮೆಯಲ್ಲಿ ಆಡಿದ ಗೊಂಬೆಗಳೆಲ್ಲ ನೆರೆರಾಜ್ಯದ ಲೆಕ್ಕಕ್ಕೆ ಸೇರಿ, ಇಲ್ಲಿ ಈ ಕಲೆಯೇ ಇರಲಿಲ್ಲವೆಂಬ ತಪ್ಪು ಚರಿತ್ರೆ ಸಿದ್ಧವಾಗುತ್ತದೆ.

ಆದ್ದರಿಂದ ನೆಲೆಯನ್ನು ಹೇಳಬೇಕಾದದ್ದು ದಾಖಲೆ. ಎಲ್ಲಿಂದ, ಯಾವಾಗ, ಯಾರಿಂದ, ಯಾವ ಗೊಂಬೆಗಳ ಜೊತೆಯಲ್ಲಿ ಪಡೆಯಲಾಯಿತು ಎಂಬ ನಾಲ್ಕು ಸಂಗತಿಗಳು ಅದರಲ್ಲಿರಬೇಕು. ದಾಖಲೆಯನ್ನೂ ಪರೀಕ್ಷೆಗೆ ಒಳಪಡಿಸದೆ ಒಪ್ಪಲಾಗದು. 1985ರದೆಂದು ಹೇಳುವ ಚೀಟಿಯಲ್ಲಿ ‘ಚಿಕ್ಕಬಳ್ಳಾಪುರ ಜಿಲ್ಲೆ’ ಎಂದಿದ್ದರೆ ಅದು 2007ರ ಬಳಿಕ ಬರೆದದ್ದು. 1965ರ ರಸೀದಿಯಲ್ಲಿ ‘ಕರ್ನಾಟಕ ರಾಜ್ಯ’ ಎಂಬ ಹೆಸರು ಬಂದಿದ್ದರೆ ಅದು ಸಂಶಯಾಸ್ಪದ. ರಾಜ್ಯದ ಮರುನಾಮಕರಣವಾದದ್ದು 1973ರ ನವೆಂಬರ್ 1ರಂದು. ಅಂಚೆಯ ಪಿನ್ ಸಂಖ್ಯೆ ಜಾರಿಗೆ ಬಂದದ್ದು 1972ರಲ್ಲಿ, ದಶಮಾಂಶ ನಾಣ್ಯಪದ್ಧತಿ 1957ರಲ್ಲಿ. ಲೇಪಾಕ್ಷಿ, ಧರ್ಮಾವರಗಳು ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ್ದು 2022ರಲ್ಲಿ. ಇದಕ್ಕೆ ವ್ಯತಿರಿಕ್ತವಾಗಿ, ಹಳೆಯ ದಾಖಲೆಯಲ್ಲಿ ‘ಕೋಲಾರ ಜಿಲ್ಲೆ’ ಎಂದಷ್ಟೇ ಇದ್ದರೆ ಆ ಗೊಂಬೆ ಚಿಂತಾಮಣಿ ಅಥವಾ ಶಿಡ್ಲಘಟ್ಟದ ಕಡೆಯದೂ ಆಗಿರಬಹುದೆಂಬುದನ್ನು ಸಂಶೋಧಕರು ನೆನಪಿನಲ್ಲಿಡಬೇಕು. ಇಂದಿನ ಜಿಲ್ಲೆಯ ಹೆಸರಿನಲ್ಲಿ ಹುಡುಕಿದವರಿಗೆ ಅದು ಸಿಗುವುದಿಲ್ಲ.

ದಾಖಲೆಯಿಲ್ಲದಲ್ಲಿ ಗೊಂಬೆಗಳ ಪರಸ್ಪರ ಸಂಬಂಧವೇ ಆಧಾರ. ಒಂದೇ ಉಳಿಯ ಗುರುತು ಹಲವು ಗೊಂಬೆಗಳಲ್ಲಿ ಕಂಡರೆ ಅವು ಒಂದೇ ಕೈಯವು. ಒಂದರ ಬಣ್ಣ ಇನ್ನೊಂದಕ್ಕೆ ಅಂಟಿದ್ದರೆ ಅವು ಪೆಟ್ಟಿಗೆಯಲ್ಲಿ ಒಟ್ಟಿಗೆ ಇದ್ದವು. ಮೇಳದ ಕಟ್ಟನ್ನು ಬಿಡಿಸಿ ಒಂದೊಂದನ್ನೇ ಮಾರಿದಾಗ ಈ ಸಾಕ್ಷ್ಯವೆಲ್ಲ ನಾಶವಾಗುತ್ತದೆ. ಗೊಂಬೆ ಉಳಿದರೂ ಅದರ ಚರಿತ್ರೆ ಉಳಿಯುವುದಿಲ್ಲ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕಾಲವನ್ನು ವಸ್ತುಪರೀಕ್ಷೆಯೂ, ಪ್ರಯೋಗವನ್ನು ಸವೆತ ಮತ್ತು ದುರಸ್ತಿಯ ಗುರುತುಗಳೂ, ನೆಲೆಯನ್ನು ದಾಖಲೆ ಮತ್ತು ಗೊಂಬೆಗಳ ಪರಸ್ಪರ ಸಂಬಂಧವೂ ನಿರ್ಣಯಿಸಬೇಕೆಂಬುದು ವಿದಿತವಾಗುತ್ತದೆ. ಇವೆಲ್ಲಕ್ಕೂ ಮಿಗಿಲಾದ ಇನ್ನೊಂದು ಪ್ರಮಾಣವಿದೆ. ಅದು ಆಡಿಸಿದವರ ನೆನಪು. ಯಾವ ಗೊಂಬೆ ಯಾವ ಪ್ರಸಂಗದ್ದು, ಯಾವ ಮಾತಿಗೆ ಅದು ಪರದೆಯ ಮೇಲೆ ಬರುತ್ತದೆ, ತೇಪೆಯನ್ನು ಯಾರು ಹಾಕಿದರು ಎಂಬುದನ್ನು ಹೇಳಬಲ್ಲವರು ಅವರೇ. ಬಳ್ಳಾರಿಯ ಬೆಳಗಲ್ಲು ವೀರಣ್ಣ 2023ರಲ್ಲಿ ತೀರಿಕೊಂಡರು. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಸಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರು ತೊಂಬತ್ತು ದಾಟಿದ್ದರು. ಇಂಥ ಹಿರಿಯರನ್ನು ಸಂಗ್ರಹಾಲಯಗಳಿಗೆ ಕರೆತಂದು, ಅಲ್ಲಿನ ಗೊಂಬೆಗಳನ್ನು ಅವರ ಮುಂದಿರಿಸಿ, ಅವರು ಹೇಳಿದ್ದನ್ನು ದಾಖಲೆಪುಸ್ತಕದಲ್ಲಿ ಗೊಂಬೆಯ ಸಂಖ್ಯೆಯ ಮುಂದೆಯೇ ಬರೆದಿಡುವುದು ಯಾವ ಪ್ರಯೋಗಾಲಯದ ಪರೀಕ್ಷೆಗಿಂತಲೂ ತುರ್ತಿನ ಕೆಲಸ. ತೊಗಲನ್ನು ಮುಂದಿನ ತಲೆಮಾರಿನವರೂ ಪರೀಕ್ಷಿಸಬಹುದು. ಈ ನೆನಪಿಗೆ ಅಷ್ಟು ಕಾಲಾವಕಾಶವಿಲ್ಲ.